ಎರಡು ಅಂಗಡಿ, ಒಂದು ಹಿಂಡು ಹೆಬ್ಬಾತು

ನಮ್ಮಪ್ಪನೂ ದೊಡ್ಡಪ್ಪನೂ ಷಡ್ಡಕರು. ಅಕ್ಕನನ್ನು ಅವರು ಮದುವೆಯಾದರು, ತಂಗಿಯನ್ನು ಇವರು. ಒಂದೇ ಬೀದಿಯಲ್ಲಿ ಎದುರುಬದುರು ಅಂಗಡಿ, ವ್ಯಾಪಾರವೂ ಒಂದೇ. ಪೂರ್ವದ ದೇಶಗಳಿಂದ ಹಡಗಿನಲ್ಲಿ ಬರುತ್ತಿದ್ದ ಹಳೆಯ ಪಿಂಗಾಣಿ, ಅರಗಿನ ಪೆಟ್ಟಿಗೆ, ಕಂಚಿನ ವಿಗ್ರಹ, ರೇಷ್ಮೆಯ ಮೇಲೆ ಬರೆದ ಸುರುಳಿಚಿತ್ರ, ಇಂಥವನ್ನು ಇಬ್ಬರೂ ಮಾರುತ್ತಿದ್ದರು. ಇಷ್ಟೆಲ್ಲ ಒಂದೇ ಆಗಿದ್ದರೂ ಇಬ್ಬರ ನಡುವೆ ಮಾತಿರಲಿಲ್ಲ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಾಗ ಒಬ್ಬರ ಬೆನ್ನು ಇನ್ನೊಬ್ಬರಿಗೆ ಕಾಣುತ್ತಿತ್ತು. ನೆಂಟಸ್ತಿಕೆ ಅಷ್ಟಕ್ಕೇ ನಿಂತಿತ್ತು.

ಬೀದಿಯವರು ದೊಡ್ಡಪ್ಪನಿಗೆ ಪಟಾಕಿ ಅಂತ ಹೆಸರಿಟ್ಟಿದ್ದರು. ಗಿಡ್ಡ ಆಳು, ಮೂಗಿನ ತುದಿಯಲ್ಲೇ ಸಿಟ್ಟು, ಅದು ಆರುವುದೂ ಅಷ್ಟೇ ಬೇಗ. ಅಪ್ಪ ಬಂಡೆ. ಉದ್ದಕ್ಕೆ ಬೆಳೆದು, ನಿಧಾನಕ್ಕೆ ನಡೆದು, ಸಿಟ್ಟು ಬಂದರೆ ಬಾಯಿ ಮುಚ್ಚಿಕೊಂಡುಬಿಡುವವರು. ಪಟಾಕಿ ಸಿಡಿದರೂ ಬಂಡೆ ಅಲುಗಲಿಲ್ಲ. ಹಾಗಾಗಿ ಜಗಳ ಮುಗಿಯುವ ದಾರಿಯೇ ಇರಲಿಲ್ಲ.

ಜಗಳ ಹುಟ್ಟಿದ್ದು ಒಂದು ಜೊತೆ ಮಡಚುತಟ್ಟಿಗಳಿಂದ. ಎತ್ತರದ ಮರದ ಚೌಕಟ್ಟುಗಳನ್ನು ಸಾಲಾಗಿ ಜೋಡಿಸಿ, ಮೇಲೆ ಕಾಗದ ಅಂಟಿಸಿ, ಅದರ ಮೇಲೆ ಚಿತ್ರ ಬರೆದಿರುತ್ತಾರೆ. ಬೇಕೆಂದಾಗ ಬಿಚ್ಚಿ ನಿಲ್ಲಿಸಬಹುದು, ಬೇಡವೆಂದಾಗ ಪುಸ್ತಕದ ಹಾಗೆ ಮಡಚಿ ಗೋಡೆಗೆ ಒರಗಿಸಬಹುದು. ಅಂಗಡಿಯಲ್ಲಿ ನಾವು ಬರೀ ತಟ್ಟಿ ಅನ್ನುತ್ತಿದ್ದೆವು. ತೀರಿಕೊಂಡ ಒಬ್ಬ ಹಡಗಿನ ಕಪ್ತಾನನ ಮನೆ ಹರಾಜಾದಾಗ ಅಂಥ ಒಂದು ಜೊತೆ ಬಂತು. ಹಳೆಯ ಬಂಗಾರದ ಬಣ್ಣದ ಕಾಗದದ ಮೇಲೆ ಕಪ್ಪು ಮಸಿಯಲ್ಲಿ ಬರೆದ ಹೆಬ್ಬಾತುಗಳು. ಬಲಗಡೆಯ ತಟ್ಟಿಯಲ್ಲಿ ಅವು ಜೊಂಡುಹುಲ್ಲಿನ ನಡುವೆ ಮೇಯುತ್ತಾ ಕೂತಿದ್ದವು, ಎಡಗಡೆಯದರಲ್ಲಿ ಆಕಾಶಕ್ಕೆ ಏರಿದ್ದವು. ಹರಾಜಿನವನಿಗೆ ಷಡ್ಡಕರ ಹಟ ಗೊತ್ತಿತ್ತು. ಬೇಕೆಂದೇ ಎರಡನ್ನೂ ಬಿಡಿಬಿಡಿಯಾಗಿ ಕೂಗಿದ. ಕೂತ ಹೆಬ್ಬಾತುಗಳು ಅಪ್ಪನಿಗೆ ಬಂದವು, ಹಾರುವವು ದೊಡ್ಡಪ್ಪನ ಪಾಲಾದವು.

ಜೋಡೆತ್ತಿನಲ್ಲಿ ಒಂದನ್ನು ಕೊಂಡವನ ಗಾಡಿ ಎಲ್ಲಿಗೆ ಹೋದೀತು? ನಿನ್ನದನ್ನು ನನಗೆ ಕೊಡು ಅಂತ ಅವರು, ನಿಮ್ಮದನ್ನು ನನಗೆ ಕೊಡಿ ಅಂತ ಇವರು. ಮಾತಿಗೆ ಮಾತು ಬೆಳೆದು, ತೀರಿಹೋದ ತಾತನವರೆಗೂ ಹೋಗಿ, ಕೊನೆಗೆ ಮಾತೇ ನಿಂತಿತು.

ಅಮ್ಮ ಮತ್ತು ದೊಡ್ಡಮ್ಮನಿಗೆ ಈ ಜಗಳದಲ್ಲಿ ಪಾಲಿರಲಿಲ್ಲ. ತಾತ ಹಳೆಯ ಚಿತ್ರಗಳ ದುರಸ್ತಿ ಮಾಡುತ್ತಿದ್ದವರು. ಗಂಜಿಯ ಅಂಟು ಕಾಯಿಸುವುದು, ಹರಿದ ರೇಷ್ಮೆಗೆ ಹಿಂದಿನಿಂದ ತೆಳುಕಾಗದ ಕೂರಿಸುವುದು, ಇದನ್ನೆಲ್ಲ ಹೆಣ್ಣುಮಕ್ಕಳಿಬ್ಬರಿಗೂ ಕಲಿಸಿದ್ದರು. ಎರಡು ಅಂಗಡಿಯ ದುರಸ್ತಿಯನ್ನೂ ಅವರಿಬ್ಬರೇ ಹಿತ್ತಲ ಓಣಿಯ ತಗಡಿನ ಚಾವಣಿಯ ಕೆಳಗೆ ಕೂತು ಮಾಡುತ್ತಿದ್ದರು. ಗಂಡಂದಿರಿಗೆ ಇದು ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಇರುತ್ತಿದ್ದರು. ಒಂದೇ ತೊಂದರೆ ಎಂದರೆ, ದೊಡ್ಡಮ್ಮನಿಗೆ ಪಿಸುಗುಟ್ಟಲು ಬರುತ್ತಿರಲಿಲ್ಲ. ಅವಳು ಗುಟ್ಟು ಹೇಳಿದರೆ ಊರಿಗೇ ಡಂಗುರ ಸಾರಿದ ಹಾಗೆ. ಅದಕ್ಕೇ ಏನಾದರೂ ಮುಖ್ಯವಾದ ಮಾತಿದ್ದರೆ ಅಮ್ಮ ಮೊದಲು ನಲ್ಲಿ ತಿರುಗಿಸಿ ಖಾಲಿ ತಗಡಿನ ಬಕೆಟ್ಟಿಗೆ ನೀರು ಬಿಡುತ್ತಿದ್ದಳು. ನಾನಾಗ ಓದು ಮುಗಿಸಿ ಅಪ್ಪನ ಅಂಗಡಿಯಲ್ಲೇ ಕೆಲಸಕ್ಕೆ ನಿಂತಿದ್ದೆ. ಬಕೆಟ್ಟಿನ ಸದ್ದು ಕೇಳಿದ ಕೂಡಲೇ, ಏನೋ ಬೇಯುತ್ತಿದೆ ಅಂತ ಗೊತ್ತಾಗುತ್ತಿತ್ತು.

ಅಷ್ಟರಲ್ಲಿ ಯುದ್ಧ ಬಂತು.

ಮೊದಲು ಹಡಗು ನಿಂತವು. ಪೂರ್ವದಿಂದ ಒಂದು ಚಹಾ ಬಟ್ಟಲೂ ಬರಲಿಲ್ಲ. ವ್ಯಾಪಾರಿಗೆ ಮಾತ್ರ ಕೈ ಕಟ್ಟಿ ಕೂರಲು ಆಗುವುದಿಲ್ಲ. ಊರಿನ ಅಂಗಡಿಯವರೆಲ್ಲ ಇದ್ದಬದ್ದ ಸಾಮಾನನ್ನೇ ತಮ್ಮತಮ್ಮೊಳಗೆ ಕೊಟ್ಟು ತೆಗೆದುಕೊಳ್ಳಲು ಶುರುಮಾಡಿದರು. ನಮ್ಮಲ್ಲಿದ್ದ ಹಸಿರು ಕಲ್ಲಿನ ಕುದುರೆಯೊಂದು ಮೂಲೆ ಅಂಗಡಿಗೆ ಹೋಯಿತು, ಅಲ್ಲಿಂದ ಬಂದರಿನ ಅಂಗಡಿಗೆ, ಅಲ್ಲಿಂದ ದೊಡ್ಡಪ್ಪನಲ್ಲಿಗೆ. ಅವರಿಂದ ಕೊಂಡ ಗಡಿಯಾರದ ಅಂಗಡಿಯವನು ಮತ್ತೆ ಅದನ್ನು ನಮಗೇ ತಂದು, “ಅಪರೂಪದ ವಸ್ತು ಸ್ವಾಮೀ, ಈಗ ತಾನೇ ಸಿಕ್ಕಿತು” ಅಂದ. ಅಪ್ಪ ಕುದುರೆಯ ಮುಖ ನೋಡಿ, “ಪ್ರಯಾಣ ಚೆನ್ನಾಗಿತ್ತಾ?” ಅಂತ ಕೇಳಿದರು.

ಚೀಟಿಗಳದ್ದು ಇನ್ನೊಂದು ಪಾಡು. ಪ್ರತಿ ಸಾಮಾನಿಗೂ ಅದು ಯಾವ ದೇಶದ್ದು ಅಂತ ಸಣ್ಣ ಚೀಟಿ ಕಟ್ಟುತ್ತಿದ್ದೆವು. ನಿನ್ನೆ ಮಿತ್ರನಾಗಿದ್ದ ದೇಶ ಇವತ್ತು ಶತ್ರು. ಶತ್ರು ದೇಶದ ಹೂದಾನಿಯನ್ನು ಯಾರು ಕೊಳ್ಳುತ್ತಾರೆ? ಗಾಳಿ ಬಂದ ಕಡೆ ಚೀಟಿ ಬದಲಾಯಿಸಿ ಬದಲಾಯಿಸಿ ಸುಸ್ತಾಗಿ, ನಾನು ಕೊನೆಗೆ ಎಲ್ಲಕ್ಕೂ ‘ಪೂರ್ವದ ಕೆಲಸ’ ಅಂತ ಒಂದೇ ಮಾತು ಬರೆದೆ. ಸೂರ್ಯ ಹುಟ್ಟುವ ದಿಕ್ಕಿನ ಜೊತೆ ಯಾರೂ ಯುದ್ಧ ಮಾಡುತ್ತಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಮ್ಯೂಸಿಯಂ ಮೇಡಂ ನಮ್ಮ ಅಂಗಡಿಗೆ ಬಂದರು. ಊರ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದವರು. ಇದ್ದಿಲಿನ ಅಭಾವದಿಂದ ಕಟ್ಟಡದಲ್ಲಿ ಬೆಂಕಿ ಹಾಕುತ್ತಿರಲಿಲ್ಲ. ಅದಕ್ಕೆ ಒಂದರ ಮೇಲೊಂದು ಸ್ವೆಟರ್ ಹಾಕಿಕೊಂಡು ದಿಂಬಿನ ಹಾಗೆ ಕಾಣುತ್ತಿದ್ದರು.

“ನಮ್ಮ ಚಿತ್ರಗಳನ್ನೆಲ್ಲ ಬಾಂಬಿನ ಭಯಕ್ಕೆ ಬೆಟ್ಟದ ಕಡೆ ಕಳಿಸಿಬಿಟ್ಟಿದ್ದೀವಿ,” ಅಂದರು. “ಗೋಡೆ ಮೇಲೆ ಬರೀ ಮೊಳೆ ಉಳಿದಿವೆ. ಆದ್ರೂ ಜನ ಬರ್ತಾರೆ. ಮೊಳೆ ನೋಡಿಕೊಂಡು ಹೋಗ್ತಾರೆ. ಮೊನ್ನೆ ಒಬ್ಬ ಅಜ್ಜಿ, ಇಲ್ಲಿ ಏನು ಚಿತ್ರ ಇತ್ತು ಹೇಳಮ್ಮಾ ಅಂತ ಪ್ರತಿ ಮೊಳೆ ಮುಂದೆ ನಿಂತು ಕೇಳಿದ್ರು. ನಂಗೆ ತಡೆಯೋಕಾಗಲಿಲ್ಲ. ದೊಡ್ಡದೊಂದು ಏನಾದ್ರೂ ಬೇಕು. ಸೈರನ್ ಆದ ತಕ್ಷಣ ನೆಲಮಾಳಿಗೆಗೆ ಒಯ್ಯೋ ಹಾಗಿರಬೇಕು.”

ಅವರ ಕಣ್ಣು ಗೋಡೆಗೆ ಒರಗಿದ್ದ ತಟ್ಟಿಯ ಮೇಲೆ ಬಿತ್ತು. “ಇದರ ಜೊತೆದು ಎದುರಿಗೇ ಇದೆಯಂತಲ್ಲ? ಎರಡೂ ಸೇರಿಸಿ ಕೊಟ್ರೆ...”

ಅಪ್ಪ ಬಾಯಿ ಮುಚ್ಚಿಕೊಂಡರು. ಅಂದರೆ ಸಿಟ್ಟು ಬಂತು ಅಂತ ಲೆಕ್ಕ. ಮೇಡಂ ಬೀದಿ ದಾಟಿ ದೊಡ್ಡಪ್ಪನ ಅಂಗಡಿಗೆ ಹೋದರು. ಅಲ್ಲಿಂದ ಪಟಾಕಿ ಸಿಡಿದದ್ದು ನಮ್ಮ ಗಾಜಿನ ಕಪಾಟಿನವರೆಗೂ ಕೇಳಿಸಿತು.

ಆ ಮಧ್ಯಾಹ್ನ ಹಿತ್ತಲಲ್ಲಿ ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳಿತು. ಓಡಿಹೋದೆ.

“ಅಕ್ಕಾ, ಸುಳ್ಳು ಹೇಳೋದು ಬೇಡ,” ಅಮ್ಮ ಹೇಳುತ್ತಿದ್ದಳು. “ಮ್ಯೂಸಿಯಮ್ಮಿಗೆ ನಿಮ್ಮ ತಟ್ಟಿ ಬೇಕಂತೆ ಅಂತ ನೀನು ಭಾವನಿಗೆ ಹೇಳು. ನಾನು ನಮ್ಮವರಿಗೆ ಅದನ್ನೇ ಹೇಳ್ತೀನಿ. ಇನ್ನೊಂದರ ಸುದ್ದಿ ಎತ್ತೋದೇ ಬೇಡ.”

“ಅದು ಸುಳ್ಳಲ್ವಾ?” ದೊಡ್ಡಮ್ಮ ಪಿಸುಗುಟ್ಟಿದಳು. ಓಣಿಯ ಆಚೆ ಮಲಗಿದ್ದ ಬೆಕ್ಕು ಎದ್ದು ಹೋಯಿತು.

“ಸುಳ್ಳಲ್ಲ, ಅರ್ಧ ನಿಜ. ಅರ್ಧರ್ಧ ಇಟ್ಟುಕೊಂಡು ಕೂತಿರೋರಿಗೆ ಅರ್ಧ ನಿಜ ಸಾಕು.”

ದೊಡ್ಡಮ್ಮ ನಕ್ಕ ನಗುವಿಗೆ ಬಕೆಟ್ಟಿನ ಸದ್ದೂ ಮುಚ್ಚಿಹೋಯಿತು.

ಅಪ್ಪನಿಗೆ ಅಮ್ಮ ವಿಷಯ ಹೇಳಿದಾಗ ನಾನು ಪಕ್ಕದಲ್ಲೇ ಇದ್ದೆ. “ನೋಡ್ರೀ, ಮೇಡಂ ಮತ್ತೆ ಹೇಳಿ ಕಳಿಸಿದ್ರು. ನಿಮ್ಮ ತಟ್ಟಿ ಬೇಕೇ ಬೇಕಂತೆ.”

“ನಂದೊಂದೇನಾ?” ಅಪ್ಪ ಕೇಳಿದರು.

“ನಿಮ್ಮದು ಬೇಕು ಅಂದ್ರು.”

ಅಪ್ಪ ಮೀಸೆ ನೀವಿಕೊಂಡು, “ಹೂಂ. ಅವರಿಗೂ ಕಣ್ಣಿದೆ” ಅಂದರು. ಎದುರಂಗಡಿಯಲ್ಲಿ ದೊಡ್ಡಪ್ಪನೂ ಹೆಚ್ಚುಕಡಿಮೆ ಇದೇ ಮಾತು ಹೇಳಿದರಂತೆ, ಇನ್ನೂ ಜೋರಾಗಿ.

ನಾನು ಮ್ಯೂಸಿಯಂನ ಕೈಗಾಡಿ ತಂದು ನಮ್ಮ ತಟ್ಟಿಯನ್ನು ಕಂಬಳಿ ಸುತ್ತಿ ಒಯ್ದೆ. ಅಪ್ಪನೂ ದೊಡ್ಡಪ್ಪನೂ ಊಟಕ್ಕೆ ಒಳಗೆ ಹೋದಾಗ ಮತ್ತೆ ಬಂದು ದೊಡ್ಡಪ್ಪನದನ್ನೂ ಒಯ್ದೆ. ಅಮ್ಮ, ದೊಡ್ಡಮ್ಮ ಸೇರಿ ಮ್ಯೂಸಿಯಂನ ದೊಡ್ಡ ಹಾಲಿನಲ್ಲಿ ಅವನ್ನು ಬಿಚ್ಚಿ ನಿಲ್ಲಿಸಿದರು. ಆಮೇಲೆ ಇಬ್ಬರೂ ಬೆಂಚಿನ ಮೇಲೆ ಕೂತು ನೋಡಿದರು. ನಾನು ನೋಡಿದೆ. ಏನು ನೋಡಿದೆ ಅನ್ನುವುದನ್ನು ಆ ಗಂಡಸರಿಬ್ಬರ ಕಣ್ಣಿನಿಂದಲೇ ಹೇಳಬೇಕು.

ಇದಕ್ಕೆ ಮೊದಲು ಒಂದು ಮಾತು. ನಮ್ಮ ತಟ್ಟಿಯ ಎಡತುದಿಯಲ್ಲಿ, ಜೊಂಡಿನ ಮೇಲೆ, ಒಂದು ಹೆಬ್ಬಾತಿನ ಹಿಂಭಾಗ ಮಾತ್ರ ಇತ್ತು. ಬಾಲ, ಕಾಲು, ಅರ್ಧ ರೆಕ್ಕೆ, ಅಷ್ಟೇ. ಅಪ್ಪ ಗಿರಾಕಿಗಳಿಗೆ ಅದನ್ನು ತೋರಿಸಿ, “ಕಲಾವಿದ ಹಕ್ಕಿಯನ್ನು ಬೇಕೆಂದೇ ಚಿತ್ರದ ಆಚೆ ಕಳಿಸಿದ್ದಾನೆ, ಹೋಗೋದನ್ನ ಬರೆದಿದ್ದಾನೆ, ಹಕ್ಕಿಯನ್ನಲ್ಲ” ಅಂತ ಗಂಭೀರವಾಗಿ ಹೇಳುತ್ತಿದ್ದರು. ದೊಡ್ಡಪ್ಪನ ತಟ್ಟಿಯ ಬಲತುದಿಯಲ್ಲಿ ಹೆಬ್ಬಾತಿನ ಒಂದು ತಲೆ, ಉದ್ದ ಕತ್ತು, ಇನ್ನರ್ಧ ರೆಕ್ಕೆ ಇತ್ತು. ಅವರೂ ತಮ್ಮ ಗಿರಾಕಿಗಳಿಗೆ, “ನೋಡಿ, ಹಕ್ಕಿ ಎಲ್ಲಿಂದಲೂ ಬಂದಿಲ್ಲ, ಶೂನ್ಯದಿಂದ ಬಂದಿದೆ” ಅಂತ ವೇದಾಂತ ಹೇಳುತ್ತಿದ್ದರಂತೆ. ಹರಾಜಿನಲ್ಲಿ ಮಡಚಿಟ್ಟಿದ್ದ ತಟ್ಟಿಗಳನ್ನು ಒಂದಾದ ಮೇಲೊಂದು ಬಿಚ್ಚಿ ತೋರಿಸಿದ್ದರು. ಆಮೇಲೆ ಬೀದಿಯ ಆ ದಡ, ಈ ದಡ. ಎರಡನ್ನೂ ಒಟ್ಟಿಗೆ ನಿಲ್ಲಿಸಿ ಅವರಿಬ್ಬರೂ ನೋಡಿರಲೇ ಇಲ್ಲ.

ಪ್ರದರ್ಶನ ಶುರುವಾದ ದಿನ ಅಪ್ಪ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಮುಂದಿನ ಬಾಗಿಲಿನಿಂದ ಬಂದರು. ದೊಡ್ಡಪ್ಪ ಹೊಸ ಟೋಪಿ ಹಾಕಿಕೊಂಡು ಪಕ್ಕದ ಬಾಗಿಲಿನಿಂದ ಬಂದರು. ಹಾಲಿನ ತುಂಬ ಜನ. ಟ್ರಾಮಿನ ಕಂಡಕ್ಟರು, ಆಸ್ಪತ್ರೆಯ ದಾದಿಯರು, ರಜೆಯ ಮೇಲೆ ಬಂದ ಸೈನಿಕರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ತಾಯಂದಿರು. ಷಡ್ಡಕರಿಬ್ಬರೂ ಜನರನ್ನು ಸರಿಸಿಕೊಂಡು ಮುಂದೆ ಬಂದು ತಲೆ ಎತ್ತಿದರು.

ಒಂದೇ ಹಿಂಡು. ಬಲಗಡೆ ಜೊಂಡಿನಲ್ಲಿ ನಿದ್ದೆಗಣ್ಣಿನ ಹೆಬ್ಬಾತುಗಳು, ಮುಂದೆ ಕತ್ತೆತ್ತಿದವು, ಅದರ ಮುಂದೆ ರೆಕ್ಕೆ ಬಿಚ್ಚಿದವು. ಎಡಗಡೆ ಆಕಾಶದ ತುಂಬ ಸಾಲು. ಎರಡೂ ತಟ್ಟಿಗಳು ಸೇರುವ ಕಡೆ, ನೆಲ ಬಿಟ್ಟು ಮೊದಲು ಎದ್ದ ಹಕ್ಕಿ. ಅಪ್ಪನ ಬಾಲಕ್ಕೆ ದೊಡ್ಡಪ್ಪನ ಕತ್ತು ಕೂತಿತ್ತು. ಒಂದು ಕೂದಲೆಳೆಯೂ ಹೆಚ್ಚುಕಡಿಮೆ ಇರಲಿಲ್ಲ.

ದೊಡ್ಡಪ್ಪನ ಬಾಯಿ ತೆರೆಯಿತು, ಸದ್ದು ಬರಲಿಲ್ಲ. ಅಪ್ಪನ ಬಾಯಿ ಮುಚ್ಚೇ ಇತ್ತು, ಕಣ್ಣು ಒದ್ದೆಯಾಗಿದ್ದವು. ಮೋಸಹೋದದ್ದು ಇಬ್ಬರಿಗೂ ತಿಳಿಯಿತು. ಒಬ್ಬರು ತಿರುಗಿ ಅಮ್ಮನನ್ನು ನೋಡಿದರು, ಇನ್ನೊಬ್ಬರು ದೊಡ್ಡಮ್ಮನನ್ನು. ಅಕ್ಕತಂಗಿಯರು ಚಾವಣಿಯನ್ನೇ ನೋಡುತ್ತಾ ನಿಂತಿದ್ದರು.

ಮುಂದೆ ಏನಾಗುತ್ತಿತ್ತೋ, ಅಷ್ಟರಲ್ಲಿ ಸೈರನ್ ಕೂಗಿತು.

“ಎಲ್ಲರೂ ನೆಲಮಾಳಿಗೆಗೆ! ಓಡಬೇಡಿ, ನಡೀರಿ!” ಮೇಡಂ ಕೂಗಿದರು. ಜನ ಮೆಟ್ಟಿಲ ಕಡೆ ಹೊರಟರು. ಅಮ್ಮ, ದೊಡ್ಡಮ್ಮ ನಮ್ಮ ತಟ್ಟಿಯ ಎರಡು ಬದಿ ಹಿಡಿದು, ಟಪಟಪ ಮಡಚಿ, ಹೊತ್ತು ಹೊರಟೇಬಿಟ್ಟರು. ಉಳಿದದ್ದು ದೊಡ್ಡಪ್ಪನದು. ಒಬ್ಬರಿಂದ ಆಗುವ ಕೆಲಸ ಅಲ್ಲ. ನಾನು ಕೈಹಾಕುವ ಮೊದಲೇ ಒಂದು ತುದಿಗೆ ದೊಡ್ಡಪ್ಪ, ಇನ್ನೊಂದು ತುದಿಗೆ ಅಪ್ಪ.

ದೊಡ್ಡಪ್ಪ ಎಳೆದರು, ಅಪ್ಪ ತಳ್ಳಿದರು. ತಟ್ಟಿ ಅರ್ಧ ಮಡಚಿ ಸಿಕ್ಕಿಕೊಂಡಿತು.

“ಚಿತ್ರ ಒಳಗೆ ಬರೋ ಹಾಗೆ ಮಡಚಬೇಕು, ಭಾವ!” ಅಂದರು ಅಪ್ಪ.

ಎಷ್ಟೋ ವರ್ಷದ ಮೇಲೆ ಬಂದ ಮೊದಲ ಮಾತು. ದೊಡ್ಡಪ್ಪನಿಗೆ ಅದನ್ನು ಗಮನಿಸಲೂ ಪುರುಸೊತ್ತಿರಲಿಲ್ಲ.

“ನಂಗೇ ಹೇಳಿಕೊಡ್ತೀಯೇನಯ್ಯಾ? ಮೊದಲು ನಿನ್ನ ತುದಿ ಎತ್ತು!”

“ಎತ್ತಿದ್ದೀನಿ. ನೀವು ನಡೀತಾ ಇಲ್ಲ.”

“ಹಿಂದು ಹಿಂದಕ್ಕೆ ನಡೀತಿದ್ದೀನಿ! ಬೆನ್ನಲ್ಲಿ ಕಣ್ಣಿದೆಯಾ ನಂಗೆ?”

“ಮೆಟ್ಟಿಲು, ಭಾವ. ಮೆಟ್ಟಿಲು ಬಂತು. ನಿಧಾನ. ಇನ್ನೊಂದು. ಹಾಂ, ಇನ್ನೊಂದು.”

“ಹೂಂ, ಹೂಂ. ನೀನು ಹೇಳ್ತಾ ಇರು. ಬಿಡಬೇಡ, ಹೇಳ್ತಾ ಇರು.”

ನೆಲಮಾಳಿಗೆಯಲ್ಲಿ ಊರೇ ಉಸಿರು ಬಿಗಿಹಿಡಿದು ಕೂತಿತ್ತು. ಷಡ್ಡಕರು ತಟ್ಟಿಯನ್ನು ಗೋಡೆಗೆ ಒರಗಿಸಿ, ಅದರ ಆಚೆಯೊಬ್ಬರು ಈಚೆಯೊಬ್ಬರು ಬೆವರು ಒರೆಸಿಕೊಂಡು ಕೂತರು. ದೊಡ್ಡಮ್ಮ ಅಮ್ಮನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದಳು: “ಮಾತಾಡಿದ್ರು, ನೋಡೇ! ಮಾತಾಡಿಬಿಟ್ರು!”

ಅದು ಕೊನೆಯ ಸಾಲಿನ ಸೈನಿಕನವರೆಗೂ ಕೇಳಿಸಿತು. ಬೀದಿಯವರಿಗೆ ಕಥೆ ಗೊತ್ತಿತ್ತಲ್ಲ, ಮೊದಲು ಗಡಿಯಾರದವನು ನಕ್ಕ, ಆಮೇಲೆ ಕಂಡಕ್ಟರು, ಆಮೇಲೆ ಗೊತ್ತಿಲ್ಲದವರೂ. ಮೇಲೆ ವಿಮಾನಗಳು ಗುರುಗುಟ್ಟುತ್ತಾ ಎಲ್ಲೋ ಹಾದುಹೋದವು, ಕೆಳಗೆ ಜನ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ದೊಡ್ಡಪ್ಪ ಕೆಂಪಾದರು. ಇನ್ನೇನು ಸಿಡಿಯುತ್ತಾರೆ ಅಂತ ನಾನು ಕಾದೆ. ಅವರು ಅಪ್ಪನ ಕಡೆ ತಿರುಗಿ, “ನೀನು ಗಿರಾಕಿಗಳಿಗೆ ಆ ಬಾಲದ ಬಗ್ಗೆ ಏನು ಹೇಳ್ತಿದ್ದೆ?” ಅಂತ ಕೇಳಿದರು.

ಅಪ್ಪ ಹೇಳಿದರು.

“ಹೋಗೋದನ್ನ ಬರೆದಿದ್ದಾನೆ! ನಾನು ಶೂನ್ಯ ಅಂದಿದ್ದೆ ಕಣಯ್ಯಾ, ಶೂನ್ಯ!” ಅಂತ ದೊಡ್ಡಪ್ಪ ತೊಡೆ ತಟ್ಟಿಕೊಂಡು ನಕ್ಕ ನಗು, ಸೈರನ್ ನಿಂತ ಮೇಲೂ ನಿಲ್ಲಲಿಲ್ಲ. ಅಪ್ಪ ಭುಜ ಕುಣಿಸುತ್ತಾ ಸದ್ದಿಲ್ಲದೆ ನಗುತ್ತಿದ್ದರು. ಬಂಡೆ ಅಲುಗಿದ್ದನ್ನು ನಾನು ನೋಡಿದ್ದು ಅವತ್ತೇ.

ಆ ಚಳಿಗಾಲವೆಲ್ಲ ಊರು ಹೆಬ್ಬಾತು ನೋಡಲು ಬಂತು. ಮಕ್ಕಳು ರಸ್ತೆಯಲ್ಲಿ ಸಾಲು ಕಟ್ಟಿ ಕತ್ತು ಚಾಚಿ ಓಡುತ್ತಿದ್ದರು. ಸೈರನ್ ಆದಾಗ ತಟ್ಟಿ ಇಳಿಸುವ ಕೆಲಸ ಷಡ್ಡಕರದ್ದೇ ಅಂತ ಆಗಿಹೋಯಿತು. ಬೇರೆಯವರು ಮುಟ್ಟಿದರೆ ಇಬ್ಬರೂ ಸೇರಿ ಬೈಯುತ್ತಿದ್ದರು. ಒಂದು ದಿನ ಯಾರೋ ಒಬ್ಬ ಕೋಲು ಕುಟ್ಟುತ್ತಾ ಬಂದು, “ಇದು ಶತ್ರು ದೇಶದ್ದು, ತೆಗೀರಿ ಇಲ್ಲಿಂದ!” ಅಂತ ಗಲಾಟೆ ಮಾಡಿದ. ಮುಂದಿನ ಬೆಂಚಿನಲ್ಲಿ ಒಬ್ಬ ಹೆಂಗಸು ದಿನಾ ಬಂದು ಕೂರುತ್ತಿದ್ದಳು. ಮಗ ಯುದ್ಧಕ್ಕೆ ಹೋಗಿದ್ದ ಅಂತ ಎಲ್ಲರಿಗೂ ಗೊತ್ತಿತ್ತು. ಅವಳು ಹೆಣಿಗೆಯಿಂದ ತಲೆ ಎತ್ತದೆ, “ಅಣ್ಣಾ, ಸ್ವಲ್ಪ ಆ ಕಡೆ ನಿಂತುಕೋ,” ಅಂದಳು. “ನೀನು ಅಡ್ಡ ನಿಂತ್ರೆ ಕೊನೇ ಹಕ್ಕಿ ಕಾಣಲ್ಲ.” ಅವನು ಆ ಕಡೆ ಸರಿದ, ಆಮೇಲೆ ಅವನೂ ಕೂತ.

ಷಡ್ಡಕರ ರಾಜಿಗೆ ಪರೀಕ್ಷೆ ಬಂದದ್ದು ವಸಂತದಲ್ಲಿ. ದೂರದ ಯಾವುದೋ ಶ್ರೀಮಂತನ ಪರವಾಗಿ ಊರೂರು ಸುತ್ತಿ, ಕಷ್ಟದಲ್ಲಿದ್ದವರಿಂದ ಕಲಾಸಾಮಾನು ಬಾಚಿಕೊಳ್ಳುತ್ತಿದ್ದ ಒಬ್ಬ ದಲ್ಲಾಳಿ, ನುಣುಪು ಕೂದಲಿನವನು, ದೊಡ್ಡಪ್ಪನ ಅಂಗಡಿಗೆ ಬಂದ. ಇಬ್ಬರ ಜಗಳ ಮೂರನೆಯವನಿಗೆ ಲಾಭ ಅಂದುಕೊಂಡು ಬಂದವನು, ಪಾಪ, ಸುದ್ದಿ ಹಳೆಯದು.

“ಹಾರೋ ಹಕ್ಕಿಗಳದ್ದು ಮಾತ್ರ ಸಾಕು,” ಅಂದನಂತೆ. “ನಿಮ್ಮ ಷಡ್ಡಕರದ್ದು ನಮಗೆ ಬೇಡ. ನೀವು ಕೇಳಿದ್ದು ಕೊಡ್ತೀವಿ.”

ದೊಡ್ಡಪ್ಪ ಅವನನ್ನು ಬೀದಿಗೆ ತಂದು ಸಿಡಿದರು. “ಜೋಡಿ ಮುರಿಯೋಕೆ ಬಂದಿದ್ದೀಯಾ? ನಾಚಿಕೆ ಆಗಲ್ವಾ? ಜೋಡಿ ಮುರಿಯೋದು ಅಂದ್ರೆ ಎಂಥ ಪಾಪ ಗೊತ್ತಾ ನಿಂಗೆ?” ವರ್ಷಾನುಗಟ್ಟಲೆ ಆ ಪಾಪವನ್ನು ಗೋಡೆಗೆ ಒರಗಿಸಿ ಇಟ್ಟುಕೊಂಡಿದ್ದವರ ಬಾಯಲ್ಲಿ ಈ ಮಾತು! ಸದ್ದು ಕೇಳಿ ಅಪ್ಪ ಬೀದಿ ದಾಟಿ ಓಡಿದರು. ಅವರು ಓಡಿದ್ದನ್ನು ಕಂಡು ಮೂಲೆ ಅಂಗಡಿಯವನು ಬೆಂಕಿ ಬಿದ್ದಿದೆ ಅಂತ ತಿಳಿದು ನೀರು ತಂದ. ಅಪ್ಪ ದೊಡ್ಡಪ್ಪನ ಪಕ್ಕ ನಿಂತರು, ಕೈ ಕಟ್ಟಿಕೊಂಡು ಮೇಲಿನಿಂದ ಆ ದಲ್ಲಾಳಿಯನ್ನು ನೋಡಿದರು. ಪಟಾಕಿಗಿಂತ ಬಂಡೆಗೇ ಅವನು ಹೆಚ್ಚು ಹೆದರಿದ.

ಆಮೇಲೆ ಒಳ್ಳೆಯ ಗಿರಾಕಿಗಳೂ ಬಂದರು, ಜೊತೆಯಾಗಿಯೇ ಕೇಳಿದರು. ದೊಡ್ಡಪ್ಪ, “ಅವನನ್ನ ಕೇಳಿ” ಅನ್ನುತ್ತಿದ್ದರು. ಅಪ್ಪ, “ಭಾವನ್ನ ಕೇಳಿ” ಅನ್ನುತ್ತಿದ್ದರು. ಗಿರಾಕಿ ಬೀದಿ ದಾಟಿ ದಾಟಿ ಸುಸ್ತಾಗಿ ಒಂದು ಪಿಂಗಾಣಿ ಬಟ್ಟಲು ಕೊಂಡು ಹೋಗುತ್ತಿದ್ದ.

ಯುದ್ಧ ಮುಗಿಯಿತು. ಬೆಂಚಿನ ಮೇಲೆ ಹೆಣೆಯುತ್ತಿದ್ದ ಹೆಂಗಸು ಒಂದು ದಿನ ಎತ್ತರದ, ಬಡಕಲು ಹುಡುಗನೊಬ್ಬನ ಕೈ ಹಿಡಿದು ಬಂದು ಹಕ್ಕಿಗಳನ್ನು ತೋರಿಸಿದಳು. ಅವನಿಗೆ ಹಾಕಿಸಿದ್ದ ಸ್ವೆಟರ್ ಎರಡು ಆಳಿಗೆ ಸಾಲುವಷ್ಟು ದೊಡ್ಡದಿತ್ತು. ಬೆಟ್ಟದಿಂದ ಮ್ಯೂಸಿಯಂನ ಚಿತ್ರಗಳೂ ವಾಪಸು ಬಂದವು, ಮೊಳೆಗಳಿಗೆ ಮತ್ತೆ ಕೆಲಸ ಬಂತು. ಮೇಡಂ ಸ್ವೆಟರ್‌ಗಳನ್ನು ಬಿಚ್ಚಿದಾಗ ಅವರು ಎಷ್ಟು ತೆಳ್ಳಗಿದ್ದರು ಅಂತ ಊರಿಗೆ ತಿಳಿಯಿತು. ತಟ್ಟಿಗಳು ಮನೆಗೆ ಬರಬೇಕು. ಯಾರ ಮನೆಗೆ? ನಮ್ಮ ಅಂಗಡಿಯಲ್ಲಿ ಎರಡನ್ನೂ ಬಿಚ್ಚಿ ನಿಲ್ಲಿಸುವಷ್ಟು ಉದ್ದದ ಗೋಡೆ ಇರಲಿಲ್ಲ. ದೊಡ್ಡಪ್ಪನಲ್ಲೂ ಇರಲಿಲ್ಲ.

“ನಮ್ಮಲ್ಲಿ ನಡುವಿನ ಗೋಡೆ ಒಡೆದ್ರೆ ಆಗುತ್ತೆ,” ಅಂದರು ದೊಡ್ಡಪ್ಪ. ಆಮೇಲೆ ಗಂಟಲು ಸರಿಮಾಡಿಕೊಂಡು, “ಗೋಡೆ ಒಡೆದ ಮೇಲೆ ಒಬ್ಬನಿಗೆ ಅಂಗಡಿ ದೊಡ್ಡದಾಗುತ್ತೆ. ಇನ್ನೊಂದು ಮೇಜು ಹಾಕಬಹುದು.”

ಅಪ್ಪ, “ಕಿಟಕಿ ಪಕ್ಕ?” ಅಂದರು.

“ಕಿಟಕಿ ಪಕ್ಕ ನಂದು!”

ಅಲ್ಲಿಂದ ಶುರುವಾದ ವಾದ ಗೋಡೆ ಒಡೆದು, ಸುಣ್ಣ ಬಳಿದು, ಮೇಜು ಹಾಕಿದರೂ ಮುಗಿಯಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಮಾತು. ಅರಗಿನ ಪೆಟ್ಟಿಗೆ ಎಲ್ಲಿಡಬೇಕು ಅಂತ ಮಾತು, ಯಾವ ಗಿರಾಕಿ ಕಳ್ಳ ಅಂತ ಮಾತು. ಅಮ್ಮ ಒಂದು ದಿನ ತಲೆ ಹಿಡಿದುಕೊಂಡು, “ಅಕ್ಕಾ, ಮಾತು ಬಿಟ್ಟಿದ್ದಾಗಲೇ ಸುಖವಾಗಿತ್ತಲ್ವಾ?” ಅಂದಳು.

ಆದರೆ ಗಂಡಸರ ವಾದ ಕೇಳಿಸಿಕೊಳ್ಳಲು ಅವರಿಬ್ಬರಿಗೂ ಪುರುಸೊತ್ತೇ ಇರಲಿಲ್ಲ. ಅಪ್ಪ ಎದುರಂಗಡಿಗೆ ಹೋದ ಮೇಲೆ ಖಾಲಿಯಾದ ನಮ್ಮ ಅಂಗಡಿಯನ್ನು ಅಕ್ಕತಂಗಿಯರು ದುರಸ್ತಿಯ ಮನೆ ಮಾಡಿಕೊಂಡಿದ್ದರು. ತಗಡಿನ ಚಾವಣಿ ಹೋಯಿತು, ಬೀದಿಗೆ ತೆರೆದ ದೊಡ್ಡ ಗಾಜಿನ ಕಿಟಕಿ ಬಂತು, ಬಾಗಿಲ ಮೇಲೆ ಮೊದಲ ಸಲ ಅವರದೇ ಬೋರ್ಡು. ಅದನ್ನು ಬರೆದವಳು ನಾನೇ. ಯುದ್ಧದಲ್ಲಿ ನೆನೆದ, ಸುಟ್ಟ, ಹರಿದ ಚಿತ್ರಗಳು ನಾಲ್ಕೂ ದಿಕ್ಕಿನಿಂದ ಬರತೊಡಗಿದ್ದವು. ನಾನೂ ಚೀಟಿ ಬರೆಯುವುದು ಬಿಟ್ಟು ಅಂಟು ಕಾಯಿಸಲು ಕಲಿತೆ.

ಪೂರ್ವದಿಂದ ಮೊದಲ ಹಡಗು ಬಂದ ದಿನ ನಮ್ಮ ಬಾಗಿಲಲ್ಲಿ ಒಂದು ಭಾರಿ ಪೆಟ್ಟಿಗೆ ಇಳಿಯಿತು. ಮುಚ್ಚಳ ಎತ್ತಿದೆವು. ಒಳಗೆ ಒಣಹುಲ್ಲು, ಹುಲ್ಲಿನ ನಡುವೆ ನೀರು ಕುಡಿದು ಅಂಟಿಕೊಂಡ ಸುರುಳಿಚಿತ್ರಗಳು, ಬೆಟ್ಟದ ಮೇಲಿನ ಮೋಡದ ಒಂದು ತುಣುಕು ಮಾತ್ರ ಕಾಣುತ್ತಿತ್ತು. ಅಮ್ಮ ಬೆರಳ ತುದಿಯಿಂದ ಅದನ್ನು ಮುಟ್ಟಿ ನೋಡಿ, “ಬದುಕುತ್ತೆ” ಅಂದಳು. ದೊಡ್ಡಮ್ಮ ಬಾಗಿಲಿಗೆ ಹೋಗಿ, ಪಿಸುಗುಟ್ಟುವ ಗೊಡವೆಗೇ ಹೋಗದೆ, ಎದುರಂಗಡಿಗೆ ಕೂಗಿದಳು:

“ರೀ, ಇಬ್ಬರೂ ಬನ್ನಿ! ಪೆಟ್ಟಿಗೆ ಒಳಗೆ ಎತ್ತಿಡಬೇಕು!”

ಇಬ್ಬರೂ ಬಂದರು, ಯಾರು ಯಾವ ತುದಿ ಹಿಡಿಯಬೇಕು ಅಂತ ರಸ್ತೆ ತುಂಬ ವಾದ ಮಾಡುತ್ತಾ.